ದೊಡ್ಡಿಯ ಜಾಗ



ಪವಿತ್ರ ಬೈಬಲಿನಲ್ಲಿ ಜಮೀನಿನ ವ್ಯವಹಾರಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಎರಡು ಒಂದಕ್ಕೊಂದು ತೀರ ಭಿನ್ನವಾದವು. ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಅಬ್ರಹಾಮನು ತೀರಿಹೋದ ಪತ್ನಿ ಸಾರಳನ್ನು ಸಮಾಧಿ ಮಾಡಲು ಸ್ಥಳ ಕೇಳುತ್ತಾನೆ. ಅವನು ಪರಸ್ಥಳದವನು, ಅಂಗೈಯಗಲ ನೆಲವೂ ಇಲ್ಲದವನು. ಊರ ಬಾಗಿಲಲ್ಲಿ, ಹಿತ್ತಿಯರೆಲ್ಲರ ಎದುರಿನಲ್ಲಿ, ತಲೆಬಾಗಿ ಕೇಳುತ್ತಾನೆ. ಹೊಲದ ಒಡೆಯನಾದ ಎಫ್ರೋನನು ಪುಕ್ಕಟೆಯಾಗಿ ಕೊಡುತ್ತೇನೆಂದರೂ ಒಪ್ಪದೆ ನಾನೂರು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಬಳಿಕ ಬರುವ ವಾಕ್ಯ ನಮ್ಮ ಕ್ರಯಪತ್ರಗಳ ಚಕ್ಕುಬಂದಿಯನ್ನು ನೆನಪಿಸುತ್ತದೆ: ಹೊಲ, ಗವಿ, ಎಲ್ಲೆಯೊಳಗಿನ ಮರಗಳು, ಎಲ್ಲವೂ ಅಲ್ಲಿ ನಮೂದಾಗಿವೆ.

ಇನ್ನೊಂದು ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದ್ದು. ಜೆಸ್ರೀಲಿನಲ್ಲಿ ಅರಸ ಆಹಾಬನ ಅರಮನೆಯ ಪಕ್ಕದಲ್ಲಿ ನಾಬೋತನ ದ್ರಾಕ್ಷಿತೋಟವಿತ್ತು. ಅರಸನಿಗೆ ಕಾಯಿಪಲ್ಯ ಬೆಳೆಯಲು ಅದು ಬೇಕಾಯಿತು. ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲವೇ ಬೆಲೆ ಕೊಡುತ್ತೇನೆ ಎಂದು ಅವನು ಹೇಳುತ್ತಾನೆ. ನ್ಯಾಯವಾದ ಮಾತಿನಂತೆಯೇ ಕಾಣುತ್ತದೆ. ಸುಳ್ಳು ಸಾಕ್ಷಿಯೂ ಕಲ್ಲೇಟೂ ಬರುವುದು ಆಮೇಲೆ. ಆದರೆ ಆಹಾಬನು ಕೊಟ್ಟ ಕಾರಣವನ್ನು ಗಮನಿಸಿ: ಆ ತೋಟ ತನ್ನ ಮನೆಗೆ ಹತ್ತಿರದಲ್ಲಿದೆ ಎಂಬುದೊಂದೇ. ಪಕ್ಕದಲ್ಲಿದೆ, ಆದ್ದರಿಂದ ನಮಗೆ ಬೇಕು ಎಂಬ ಈ ತರ್ಕವನ್ನು ಇತ್ತೀಚಿನ ಎರಡು ವರ್ಷಗಳಲ್ಲಿ ನಮ್ಮ ಪಟ್ಟಣದಲ್ಲಿ ನಾನು ನಾಲ್ಕು ಕಡೆಯವರಿಂದ ಕೇಳಿದ್ದೇನೆ. ಅವರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದರು ಎಂಬುದರಿಂದಲೇ ಈ ಲೇಖನ.

ನಾನು ಸೇವೆಯಲ್ಲಿರುವುದು ಪುರಸಭೆಯಿರುವ ಒಂದು ಸಣ್ಣ ಪಟ್ಟಣದಲ್ಲಿ. ನಮ್ಮ ದೇವಾಲಯದಿಂದ ಕೂಗಳತೆಯ ದೂರದಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ. ಮೂರು ಕೋಣೆಗಳ ಹಳೆಯ ಹೆಂಚಿನ ಕಟ್ಟಡ. ಮೆಟ್ಟಿಲಿಳಿದರೆ ಚರಂಡಿ, ಚರಂಡಿ ದಾಟಿದರೆ ರಸ್ತೆ. ಅದರ ಎಡಪಕ್ಕದಲ್ಲಿ ಪುರಸಭೆಗೆ ಸೇರಿದ ಖಾಲಿ ನಿವೇಶನವೊಂದಿದೆ. ಊರಿನ ಹಿರಿಯರು ಇಂದಿಗೂ ಅದನ್ನು ದೊಡ್ಡಿ ಎಂದೇ ಕರೆಯುತ್ತಾರೆ. ಪರರ ಪೈರಿಗೆ ನುಗ್ಗಿದ ದನಗಳನ್ನು ಹಿಡಿದು ತಂದು ಕೂಡುತ್ತಿದ್ದ ಸ್ಥಳವದು. ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿದ ಮೇಲೆಯೇ ಒಡೆಯ ದನವನ್ನು ಬಿಡಿಸಿಕೊಂಡು ಹೋಗಬೇಕಿತ್ತು. ಬ್ರಿಟಿಷ್ ಸರ್ಕಾರ 1871ರಲ್ಲಿ ಇದಕ್ಕೆಂದೇ ಜಾನುವಾರು ಅತಿಕ್ರಮಣ ಕಾಯಿದೆಯನ್ನು ತಂದಿತ್ತು. ಅದಕ್ಕಿಂತ ಬಹಳ ಹಿಂದೆಯೇ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಬೇರೆ ಬಗೆಯ ದೊಡ್ಡಿಯೊಂದನ್ನು ಕಲ್ಪಿಸಿತ್ತು: ದಾರಿತಪ್ಪಿದ ಎತ್ತು ನಿನ್ನ ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಂಡು ಹೋಗಬೇಡ, ಒಡೆಯ ಹುಡುಕಿಕೊಂಡು ಬರುವವರೆಗೆ ನಿನ್ನ ಮನೆಯಲ್ಲಿಟ್ಟುಕೊಂಡು ಸಾಕು ಎಂಬುದು ಅದರ ತಾತ್ಪರ್ಯ. ದಂಡದ ಮಾತು ಅಲ್ಲಿಲ್ಲ.

ನಮ್ಮ ದೊಡ್ಡಿಯಲ್ಲಿ ಈಗ ದನಗಳಿಲ್ಲ. ಕಲ್ಲಿನ ಗೋಡೆ ಎರಡು ಕಡೆ ಕುಸಿದಿದೆ. ನಡುವೆ ಒಂದು ದೊಡ್ಡ ಹೊಂಗೆಮರ. ರಸ್ತೆಯ ಬದಿಯಲ್ಲಿ ಮೂವರು ಹೆಂಗಸರು ಬೆಳಗಿನ ಹೊತ್ತು ಹಸಿಹುಲ್ಲಿನ ಹೊರೆಗಳನ್ನಿಟ್ಟುಕೊಂಡು ಮಾರುತ್ತಾರೆ. ಉಳಿದಂತೆ ಅದು ಯಾರದೂ ಅಲ್ಲದ ಜಾಗ. ಯಾರದೂ ಅಲ್ಲ ಎಂದು ನಾವು ಹೇಳುವುದು ಬಹುತೇಕ ಎಲ್ಲರಿಗೂ ಸೇರಿದ್ದನ್ನೇ.

2024ರಲ್ಲಿ ಪಶು ಆಸ್ಪತ್ರೆಯ ವೈದ್ಯಾಧಿಕಾರಿ ಈ ಜಾಗವನ್ನು ಆಸ್ಪತ್ರೆಯ ಬಳಕೆಗೆ ಕೊಡಬೇಕೆಂದು ಪುರಸಭೆಗೆ ಅರ್ಜಿ ಸಲ್ಲಿಸಿದರು. ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಊರಿನವರಿಗೆ ‘ಡಾಕ್ಟರಮ್ಮ’. ಏತಕ್ಕಾಗಿ ಜಾಗ ಬೇಕೆಂದು ತಿಳಿಯಲು ನಾನು ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. “ಫಾದರ್, ಮನುಷ್ಯರ ಆಸ್ಪತ್ರೆಯಲ್ಲಿ ರೋಗಿ ಒಳಗೆ, ಬಂದವರು ಹೊರಗೆ. ನಮ್ಮಲ್ಲಿ ಔಷಧಿ ಒಳಗೆ, ರೋಗಿ ರಸ್ತೆಯಲ್ಲಿ” ಎಂದು ಆಕೆ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ನಾಲ್ಕು ನೂರು ಕಿಲೋ ತೂಗುವ ಹಸುವನ್ನು ಕೋಣೆಯೊಳಗೆ ತರುವುದು ಸಾಧ್ಯವಿಲ್ಲ. ಅದನ್ನು ನಿಲ್ಲಿಸಿ ಪರೀಕ್ಷಿಸಲು ಕಬ್ಬಿಣದ ಕೊಳವೆಗಳಿಂದ ಮಾಡಿದ ಟ್ರೆವಿಸ್ ಎಂಬ ಚೌಕಟ್ಟು ಬೇಕು. ನಮ್ಮ ಆಸ್ಪತ್ರೆಯ ಟ್ರೆವಿಸ್ ಚರಂಡಿಗೂ ರಸ್ತೆಗೂ ನಡುವೆ ನೆಟ್ಟದ್ದು. ಬಸ್ಸು ಹಾರ್ನ್ ಹಾಕಿದಾಗಲೆಲ್ಲ ಒಳಗಿರುವ ಪ್ರಾಣಿ ಬೆದರುತ್ತದೆ. ಪ್ಲಾಸ್ಟಿಕ್ ನುಂಗಿದ ಹಸುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಅದು ನಿಂತೇ ಇರುತ್ತದೆ; ಎಡಪಕ್ಕೆಯ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಹೊಟ್ಟೆಯನ್ನು ಸೀಳಿ, ಕೈಯಿಂದ ಪ್ಲಾಸ್ಟಿಕ್ಕನ್ನು ಹೊರತೆಗೆಯುತ್ತಾರೆ. ಮದುವೆ, ಜಾತ್ರೆ, ಹಬ್ಬಗಳ ಊಟ ಮುಗಿದ ಮೇಲೆ ನಾವು ಬಿಸಾಡಿದ ಚೀಲಗಳು ಬುಟ್ಟಿಗಟ್ಟಲೆ ಹೊರಬರುತ್ತವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ್ದು 2016ರಲ್ಲಿ. ದನಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ.

ಆಕೆ ಹೇಳಿದ ಮತ್ತೊಂದು ಮಾತು ನನ್ನನ್ನು ಹೆಚ್ಚು ಕಾಡಿತು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯವನ್ನು ಕಾಡಿದ್ದು ನಿಮಗೆ ನೆನಪಿರಬಹುದು. ಹಸುಗಳ ಮೈತುಂಬ ಗಂಟುಗಳೆದ್ದು, ಕಾಲು ಊದಿ, ಹಾಲು ಬತ್ತಿ ಎಷ್ಟೋ ಮನೆಗಳ ಕೊಟ್ಟಿಗೆ ಬರಿದಾಯಿತು. ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುವ ರೋಗವದು. ಆಗ ಮೇಕೆ ಸಿಡುಬಿಗೆ ಬಳಸುವ ಲಸಿಕೆಯನ್ನೇ ದನಗಳಿಗೂ ಹಾಕುತ್ತಿದ್ದರು. ಲಸಿಕೆಗೆಂದು ಬಂದ ಆರೋಗ್ಯವಂತ ಹಸುಗಳೂ ಚಿಕಿತ್ಸೆಗೆಂದು ಬಂದ ರೋಗಪೀಡಿತ ಹಸುಗಳೂ ಅದೇ ರಸ್ತೆಯಂಚಿನಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಲ್ಲಬೇಕಾಗಿತ್ತು. ಬೇರ್ಪಡಿಸಲು ಹತ್ತು ಮಾರು ಜಾಗವಿರಲಿಲ್ಲ. ಗೋಡೆಯಾಚೆ ದೊಡ್ಡಿ ಖಾಲಿ ಬಿದ್ದಿತ್ತು. ಈಗ ಕಾಲುಬಾಯಿ ರೋಗದ ಲಸಿಕೆಗೆ ಜನ ಬಂದಾಗಲೂ ಇದೇ ಸ್ಥಿತಿ. ಹುಚ್ಚುನಾಯಿ ಕಚ್ಚಿದ ಕರುವೂ ಲಸಿಕೆಗೆಂದು ಮಕ್ಕಳು ಎತ್ತಿಕೊಂಡು ಬಂದ ನಾಯಿಮರಿಯೂ ಒಂದೇ ಮೆಟ್ಟಿಲ ಮೇಲೆ. ಸರ್ಕಾರದ ಸಂಚಾರಿ ಚಿಕಿತ್ಸಾ ವಾಹನವಿದೆ, 1962 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಆದರೆ ವಾಹನ ಬಂದು ಹೋದ ಮೇಲೆ ಐದಾರು ದಿನ ಕಣ್ಣೆದುರಿನಲ್ಲಿಟ್ಟು ನೋಡಿಕೊಳ್ಳಬೇಕಾದ ಪ್ರಾಣಿಗೆ ಒಂದು ಸೂರು ಬೇಕಲ್ಲವೆ?

ಬೇಡಿಕೆ ದೊಡ್ಡದೇನಲ್ಲ. ತಗಡಿನ ಚಪ್ಪರ, ಎರಡನೆಯ ಟ್ರೆವಿಸ್, ಗೂಡ್ಸ್ ಆಟೋದಿಂದ ದನ ಇಳಿಸಲು ಇಳಿಜಾರಿನ ಕಟ್ಟೆ, ನೀರಿನ ತೊಟ್ಟಿ, ಕಾಯಿಲೆಯ ದನಗಳಿಗೆ ಬೇರೆಯದೇ ಒಂದು ಆವರಣ. ಇಷ್ಟೇ.

ಆದರೆ ಜಾಗ ಪಕ್ಕದಲ್ಲಿರುವುದು ಆಸ್ಪತ್ರೆಗೆ ಮಾತ್ರವಲ್ಲ. ಪುರಸಭೆಯ ಕೆಲವು ಸದಸ್ಯರಿಗೆ ಅಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟಿ ಬಾಡಿಗೆ ತರಬೇಕೆಂದಿತ್ತು. ಆಟೋ ಚಾಲಕರಿಗೆ ನಿಲ್ದಾಣ ಬೇಕಿತ್ತು. ಇನ್ನು ನಮ್ಮವರು. ಧರ್ಮಕೇಂದ್ರದ ವಾರ್ಷಿಕ ಹಬ್ಬದ ದಿನ ಹೊರಗಿನಿಂದ ಬರುವ ಭಕ್ತಾದಿಗಳ ವಾಹನಗಳು ನಿಲ್ಲುವುದು ಆ ದೊಡ್ಡಿಯಲ್ಲಿ. ಭಾನುವಾರ ಧರ್ಮೋಪದೇಶದ ತರಗತಿ ಮುಗಿಸಿದ ಹುಡುಗರು ಚೆಂಡಾಡುವುದೂ ಅಲ್ಲಿಯೇ. ಮೂವತ್ತು ವರ್ಷಗಳಿಂದ ಹಾಗೆಯೇ ನಡೆದುಬಂದಿದೆ. ಆದ್ದರಿಂದ ಪಾಲನಾ ಸಮಿತಿಯ ಕೆಲವರು ಸೇರಿ ಪುರಸಭೆಗೆ ಒಂದು ಆಕ್ಷೇಪಣಾ ಪತ್ರವನ್ನು ಸಿದ್ಧಪಡಿಸಿದರು. ಧರ್ಮಕೇಂದ್ರದ ಶಿರೋನಾಮೆಯಲ್ಲಿ, ಧರ್ಮಗುರುವಿನ ಸಹಿಗೆ ಜಾಗ ಬಿಟ್ಟು.

ಸಮಿತಿಯ ಸಭೆಯಲ್ಲಿ ಅಂದು ಎರಡು ಮಾತುಗಳು ಬಂದವು. ಎರಡನ್ನೂ ನಿಮ್ಮ ಮುಂದಿಡಬೇಕು.

ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯರೊಬ್ಬರು ಆಕ್ಷೇಪಣೆಯ ಪರವಾಗಿದ್ದರು. ಅವರ ಕಾಳಜಿ ಚೆಂಡಾಟದ್ದಾಗಿರಲಿಲ್ಲ. “ಸಾರ್ವಜನಿಕ ಜಾಗ ಒಮ್ಮೆ ಯಾವುದಾದರೂ ಇಲಾಖೆಯ ಕೈಗೆ ಹೋದರೆ ಮರಳಿ ಬರುವುದಿಲ್ಲ. ಇವತ್ತು ಚಪ್ಪರ, ನಾಳೆ ಕಾಂಪೌಂಡು, ನಾಡಿದ್ದು ವಸತಿಗೃಹ. ಗೋಮಾಳ ಏನಾಯಿತು ನೋಡಿ” ಎಂದರು. ಊರಿನ ಪ್ರತಿ ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳ ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳಲ್ಲಿ ಇದೆಯೆಂದೂ, ತಮ್ಮ ಸೇವಾವಧಿಯಲ್ಲಿ ಆ ಲೆಕ್ಕ ಕಾಗದದಲ್ಲಿ ಸರಿಯಾಗಿದ್ದು ನೆಲದಲ್ಲಿ ಕಾಣದ ಊರುಗಳನ್ನು ಬೇಕಾದಷ್ಟು ನೋಡಿದ್ದೇನೆಂದೂ ವಿವರಿಸಿದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೊಟ್ಟವರು ಮರೆಯುತ್ತಾರೆ, ಪಡೆದವರು ಬೇಲಿ ಹಾಕುತ್ತಾರೆ. ಧರ್ಮಸಭೆಯ ಆಸ್ತಿಗಳ ವಿಷಯದಲ್ಲಿಯೂ ಇದನ್ನು ಕಂಡವರಿದ್ದೇವೆ.

ಮತ್ತೊಂದು ಮಾತು ಕಿರು ಕ್ರೈಸ್ತ ಸಮುದಾಯವೊಂದರ ಪ್ರತಿನಿಧಿಯಾಗಿ ಬಂದಿದ್ದ ತಾಯಿಯೊಬ್ಬರದು. ವಿಧವೆ; ಎರಡು ಹಸುಗಳನ್ನು ಸಾಕಿ, ಡೈರಿಗೆ ಹಾಲು ಹಾಕಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದವರು. ಸಭೆಗಳಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಹಸುವಿಗೆ ಇದೇ ಪ್ಲಾಸ್ಟಿಕ್ಕಿನ ಶಸ್ತ್ರಚಿಕಿತ್ಸೆಯಾಗಿತ್ತು. ರಸ್ತೆಯ ಬದಿಯ ಟ್ರೆವಿಸ್‌ನಲ್ಲಿ, ಜಿಟಿಜಿಟಿ ಮಳೆಯಲ್ಲಿ, ಇಬ್ಬರು ಕೊಡೆ ಹಿಡಿದುಕೊಂಡಿದ್ದರಂತೆ. ಹೊಲಿಗೆ ಹಾಕಿದ ಮೇಲೆ ಹಸುವನ್ನು ಇರಿಸಿಕೊಳ್ಳಲು ಸ್ಥಳವಿಲ್ಲದೆ ಕೆಸರಿನ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ನಡೆಸಿಕೊಂಡು ಹೋದರು. ಗಾಯ ಕೀವಾಯಿತು. ಐದನೆಯ ದಿನ ಹಸು ಸತ್ತಿತು. ಅದನ್ನು ಕೊಳ್ಳಲು ಸ್ವಸಹಾಯ ಸಂಘದಿಂದ ಪಡೆದ ಸಾಲದ ಕಂತು ಇನ್ನೂ ನಡೆಯುತ್ತಿತ್ತು.

“ಸ್ವಾಮಿ, ಹಬ್ಬ ವರ್ಷಕ್ಕೆ ಒಂದು ದಿನ ಬರುತ್ತೆ. ದನಕ್ಕೆ ಕಾಯಿಲೆ ಯಾವ ದಿನ ಬರುತ್ತೋ ಯಾರಿಗೆ ಗೊತ್ತು? ನಾನು ಡಾಕ್ಟರಮ್ಮನ್ನ ದೂರಲ್ಲ. ಅವರಾದರೂ ಎಲ್ಲಿ ಕಟ್ಟಬೇಕಿತ್ತು, ಅವರ ಮೇಜಿನ ಕಾಲಿಗಾ?” ಎಂದರು. ಯಾರೂ ನಗಲಿಲ್ಲ.

ಗುರುವಿದ್ಯಾಲಯದಲ್ಲಿ ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಆಸ್ತಿಯ ಕುರಿತು ಸಂತ ಥಾಮಸ್ ಅಕ್ವಿನಾಸರ ವಿಚಾರಗಳನ್ನು ನಾವು ಓದಿದ್ದೆವು. ಅವರು ಎರಡು ಸಂಗತಿಗಳನ್ನು ಬೇರ್ಪಡಿಸುತ್ತಾರೆ. ವಸ್ತುವನ್ನು ಸಂಪಾದಿಸುವುದು, ನಿರ್ವಹಿಸುವುದು ಒಂದು. ಅದನ್ನು ಬಳಸುವುದು ಮತ್ತೊಂದು. ಮೊದಲನೆಯದು ವ್ಯಕ್ತಿಗೆ ಸಲ್ಲಬಹುದು. ಬಳಕೆಯ ವಿಷಯದಲ್ಲಿ ಮಾತ್ರ ಮನುಷ್ಯ ತನ್ನದನ್ನು ತನ್ನದೇ ಎಂದುಕೊಳ್ಳದೆ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಾಗಿರಬೇಕು. ಸ್ವಂತದ ಆಸ್ತಿಗೇ ಇದು ಅನ್ವಯಿಸುವುದಾದರೆ ಊರೊಟ್ಟಿನ ಆಸ್ತಿಗೆ ಎಷ್ಟರಮಟ್ಟಿಗೆ ಅನ್ವಯಿಸಬೇಡ! ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದನ್ನೇ ಪುನಃ ಹೇಳಿತು. 2025ರ ಏಪ್ರಿಲಿನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಪ್ರಾಣಿಗಳ ಬಗೆಗಿನ ನಮ್ಮ ಉದಾಸೀನ ಇಂದಲ್ಲ ನಾಳೆ ಮನುಷ್ಯರ ಬಗೆಗೂ ಹರಡುತ್ತದೆಂದು ಎಚ್ಚರಿಸಿ, ಅದರ ಬೆನ್ನಲ್ಲೇ ಭೂಮಿಯ ಫಲ ಎಲ್ಲರಿಗೂ ಸೇರಿದ್ದೆಂಬ ಮಾತಿಗೆ ಬರುತ್ತಾರೆ. ಆ ಎರಡು ವಿಷಯಗಳು ಒಟ್ಟೊಟ್ಟಿಗೆ ಏಕೆ ಬಂದಿವೆ ಎಂಬುದಕ್ಕೆ ಆ ತಾಯಿಯ ಹಸುವಿಗಿಂತ ಬೇರೆ ವ್ಯಾಖ್ಯಾನ ನನಗೆ ಬೇಕಾಗಲಿಲ್ಲ.

ಪ್ರಭುಕ್ರಿಸ್ತರು ಸಬ್ಬತ್ ದಿನದ ವಾದಗಳಲ್ಲಿ ಮತ್ತೆ ಮತ್ತೆ ಎತ್ತನ್ನೇ ಏಕೆ ತರುತ್ತಾರೆ? ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೆಂದು ನೀವು ಬಿಟ್ಟುಬಿಡುತ್ತೀರಾ ಎಂದು ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಕೇಳುತ್ತಾರೆ. ಕೇಳಿಸಿಕೊಳ್ಳುತ್ತಿದ್ದವರು ಶಾಸ್ತ್ರಪಂಡಿತರಾದರೂ ಅವರ ಮನೆಗಳಲ್ಲಿ ಎತ್ತು, ಕತ್ತೆಗಳಿದ್ದವು. ಈ ಲೇಖನವನ್ನು ಓದುತ್ತಿರುವ ನಿಮ್ಮಲ್ಲಿಯೂ ಅನೇಕರ ಮನೆಯ ಹಿಂದೆ ಕೊಟ್ಟಿಗೆಯಿದೆ, ಇಲ್ಲವೇ ನಿಮ್ಮ ತಂದೆತಾಯಿಯರ ಕಾಲದಲ್ಲಿತ್ತು. ಜನವರಿ 17ರಂದು ಸ್ಮರಿಸುವ ಮಠಾಧಿಪತಿ ಸಂತ ಅಂತೋಣಿಯವರು ಸಾಕುಪ್ರಾಣಿಗಳ ಪಾಲಕರು. ನಮ್ಮ ಜನರು ಅವರನ್ನು ಪಾದುವಾದ ಸಂತ ಅಂತೋಣಿಯವರೊಡನೆ ಬೆರೆಸಿ ಹರಕೆ ಹೊರುತ್ತಾರೆ. ಸಂತರಿಬ್ಬರೂ ಇದಕ್ಕಾಗಿ ಜಗಳವಾಡುವವರಲ್ಲವಾದ್ದರಿಂದ ನಾನೂ ತಿದ್ದಲು ಹೋಗಿಲ್ಲ.

ಆಕ್ಷೇಪಣೆಗೆ ನಾನು ಸಹಿ ಹಾಕುವುದಿಲ್ಲವೆಂದು ಸಭೆಯಲ್ಲಿಯೇ ತಿಳಿಸಿದೆ. ಯಾವ ಪೌರನೂ ತನ್ನ ಹೆಸರಿನಲ್ಲಿ ಆಕ್ಷೇಪಿಸಬಹುದು, ಅದು ಅವರವರ ಹಕ್ಕು. ಧರ್ಮಕೇಂದ್ರದ ಹೆಸರಿನಲ್ಲಿ ಬೇಡ. ಬಳಿಕ ಆ ಹಿರಿಯರ ಕಡೆಗೆ ತಿರುಗಿ, “ಹೋದ ಜಾಗ ಮರಳುವುದಿಲ್ಲ ಎಂದಿರಲ್ಲ, ಮರಳುವಂತೆ ಕೊಡುವ ರೀತಿ ಯಾವುದಾದರೂ ಇದೆಯೇ?” ಎಂದು ಕೇಳಿದೆ. ಅವರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. “ಇದೆ. ಆದರೆ ಯಾರೂ ಹಾಗೆ ಬರೆಯುವುದಿಲ್ಲ” ಎಂದರು.

ಅವರೇ ಬರೆದರು. ಕಡತದ ಭಾಷೆ ಬಲ್ಲವರ ಕೈಬರಹದಲ್ಲಿ ಒಂದು ವಿಶೇಷ ಗಾಂಭೀರ್ಯವಿರುತ್ತದೆ. ಮಾಲೀಕತ್ವ ಪುರಸಭೆಯಲ್ಲಿಯೇ ಉಳಿಯತಕ್ಕದ್ದು, ಆಸ್ಪತ್ರೆಗೆ ನಿಗದಿತ ಅವಧಿಯ ಬಳಕೆಯ ಹಕ್ಕು ಮಾತ್ರ, ಅವಧಿ ಮುಗಿದಾಗ ಸಾಮಾನ್ಯ ಸಭೆಯ ಮುಂದೆ ಮತ್ತೆ ಬರತಕ್ಕದ್ದು, ಚಪ್ಪರ, ತೊಟ್ಟಿಗಳ ಹೊರತು ಶಾಶ್ವತ ಕಟ್ಟಡ ಕೂಡದು, ಹೊಂಗೆಮರ ಕಡಿಯಕೂಡದು. ಹುಲ್ಲು ಮಾರುವ ಮೂವರಿಗೆ ಗೋಡೆಯ ಪಕ್ಕದ ಸ್ಥಳವನ್ನು ನಕ್ಷೆಯಲ್ಲಿಯೇ ಗುರುತಿಸಬೇಕೆಂಬುದನ್ನು ಸೇರಿಸಿದ್ದು ಆ ತಾಯಿ. ದನಗಳು ಬರುವ ಕಡೆಯಲ್ಲವೇ ಹುಲ್ಲು ಮಾರಾಟವಾಗುವುದು! ನಮ್ಮ ಹಬ್ಬದ ವಾಹನಗಳ ವಿಷಯವನ್ನೂ ಸೇರಿಸೋಣವೆಂದು ಯುವಕರೊಬ್ಬರು ಸೂಚಿಸಿದರು. ಪಶು ರೋಗಿಗಳ ಆವರಣದಲ್ಲಿ ಕಾರು ನಿಲ್ಲಿಸುವುದಕ್ಕಿಂತ ಹೈಸ್ಕೂಲಿನ ಮೈದಾನವನ್ನು ಒಂದು ದಿನಕ್ಕೆ ಕೇಳಿಕೊಳ್ಳುವುದು ಮೇಲು ಎಂದು ಅದನ್ನು ಬಿಟ್ಟೆವು. ಈ ಪತ್ರಕ್ಕೆ ನಾನು ಸಹಿ ಮಾಡಿದೆ.

ಪುರಸಭೆಯ ಆಸ್ತಿಯನ್ನು ದೀರ್ಘಾವಧಿಗೆ ಕೊಡಲು ಸಭೆಯ ನಿರ್ಣಯವೊಂದೇ ಸಾಲದು, 1964ರ ಪುರಸಭೆಗಳ ಅಧಿನಿಯಮದ ಪ್ರಕಾರ ಸರ್ಕಾರದ ಅನುಮತಿ ಬೇಕು. ಆದರೂ ಮೊದಲ ಮೆಟ್ಟಿಲು ಊರಿನ ಸಭೆಯೇ. 2025ರ ಆರಂಭದಲ್ಲಿ ಅರ್ಜಿ ಅಲ್ಲಿ ಚರ್ಚೆಗೆ ಬಂತು. ಮಳಿಗೆಗಳ ಬಾಡಿಗೆಯ ಆದಾಯವನ್ನು ಬಿಟ್ಟುಕೊಡಬೇಕೆ ಎಂದು ಒಬ್ಬ ಸದಸ್ಯರು ಕೇಳಿದ್ದು ತಪ್ಪೆಂದು ನಾನು ಹೇಳಲಾರೆ. ಬೀದಿದೀಪಕ್ಕೂ ಪೌರಕಾರ್ಮಿಕರಿಗೂ ಹಣ ಬರಬೇಕಾದದ್ದು ಅಂಥ ಮೂಲಗಳಿಂದಲೇ. ದೀರ್ಘ ಚರ್ಚೆಯ ನಂತರ ಷರತ್ತುಗಳೊಂದಿಗೆ ನಿರ್ಣಯ ಅಂಗೀಕಾರವಾಯಿತು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ನಿರ್ಣಯದ ಬಳಿಕ ಸರ್ವೆಯವರು ಬಂದು ಸರಪಳಿ ಎಳೆದರು. ದಾಖಲೆಯಲ್ಲಿ ಹದಿನಾಲ್ಕು ಗುಂಟೆಯಿದ್ದ ದೊಡ್ಡಿ ನೆಲದಲ್ಲಿ ಹನ್ನೆರಡಕ್ಕೆ ಇಳಿದಿತ್ತು. ಹಿಂಬದಿಯ ಮೂರು ಮನೆಗಳ ಗೋಡೆಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಮುಂದೆ ಬಂದಿದ್ದವು. ಆ ಮೂರರಲ್ಲಿ ಒಂದು ನಮ್ಮ ಧರ್ಮಕೇಂದ್ರದ ಕುಟುಂಬದ್ದು. ಸಮುದಾಯದ ಜಮೀನುಗಳ ಒತ್ತುವರಿಯ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಕಟುವಾದ ತೀರ್ಪನ್ನು ನೀಡಿದೆ. ಎಷ್ಟೇ ವರ್ಷ ಕಳೆದಿರಲಿ, ಎಷ್ಟೇ ಹಣ ಹಾಕಿ ಕಟ್ಟಿರಲಿ, ಒತ್ತುವರಿಯನ್ನು ಅಷ್ಟರಿಂದಲೇ ಸಕ್ರಮಗೊಳಿಸಲಾಗದು. ಶಾಲೆ, ಔಷಧಾಲಯದಂತಹ ಸಾರ್ವಜನಿಕ ಉಪಯೋಗವಿರುವಲ್ಲಿ, ಬಡವರಿಗೆ ಮಂಜೂರು ಮಾಡಿರುವಲ್ಲಿ ಮಾತ್ರ ವಿನಾಯಿತಿ ಎಂಬುದು ಅದರ ಸಾರ. ಅದು ಗ್ರಾಮದ ಜಮೀನುಗಳ ಕುರಿತಾದ ತೀರ್ಪು. ನಮ್ಮ ಹಿರಿಯರಿಗೆ ಅದು ಬಾಯಿಪಾಠವಾಗಿತ್ತು.

ಆ ಮನೆಗೆ ನಾನು ಹೋದೆ. ಮನೆಯ ಯಜಮಾನರು ಕುರ್ಚಿ ಹಾಕಿದರು, ಕಾಫಿ ತರಿಸಿದರು. ಗೋಡೆಯನ್ನು ತಮ್ಮ ತಂದೆಯವರು ಕಟ್ಟಿಸಿದ್ದು, ತಮಗೇನೂ ಗೊತ್ತಿಲ್ಲ ಎಂದರು. ಅದು ನಿಜವೇ ಇರಬೇಕು. ಗೋಡೆಯೊಳಗೆ ಅವರ ಸ್ನಾನದ ಮನೆಯಿದೆ, ತುಳಿಯುವ ಹೊಲಿಗೆ ಯಂತ್ರವಿಟ್ಟ ಸೊಸೆಯ ಕೋಣೆಯಿದೆ. “ಫಾದರ್, ಆ ಪತ್ರಕ್ಕೆ ನೀವು ಸಹಿ ಹಾಕದೆ ಇದ್ದಿದ್ದರೆ ಸರ್ವೆ ಬರುತ್ತಿತ್ತೇ?” ಎಂದು ಕೇಳಿದರು. ಬರುತ್ತಿತ್ತೋ ಇಲ್ಲವೋ, ಗೋಡೆ ಇದ್ದ ಜಾಗದಲ್ಲಿಯೇ ಇರುತ್ತಿತ್ತಲ್ಲ ಎಂದೆ. ತೆರವಿಗೆ ಕಾಲಾವಕಾಶವನ್ನೂ ಬೇರೆಡೆ ಸ್ನಾನದ ಮನೆ ಕಟ್ಟಿಕೊಳ್ಳಲು ಪುರಸಭೆಯಿಂದ ನೆರವು ದೊರೆಯುವುದೇ ಎಂಬುದನ್ನೂ ವಿಚಾರಿಸಲು ಅವರೊಡನೆ ಬರುತ್ತೇನೆಂದೂ ಹೇಳಿದೆ. ಎರಡು ಬಾರಿ ಜೊತೆಯಲ್ಲಿ ಮುಖ್ಯಾಧಿಕಾರಿಯವರ ಕಚೇರಿಗೆ ಹೋಗಿ ಬಂದೆವು. ಕಾಲಾವಕಾಶ ಸಿಕ್ಕಿತು. ನೆರವಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಅವರು ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಾರೆ. ಹಿಂದೆ ಮುಂಬಾಗಿಲಲ್ಲಿ ನಿಂತು ನನ್ನೊಡನೆ ನಾಲ್ಕು ಮಾತಾಡಿ ಹೋಗುತ್ತಿದ್ದವರು ಈಗ ಪಕ್ಕದ ಬಾಗಿಲಿನಿಂದ ಹೊರಡುತ್ತಾರೆ.

ಕಡತ ಜಿಲ್ಲಾ ಕೇಂದ್ರದಲ್ಲಿದೆ. ಅನುಮತಿ ಬರುವವರೆಗೆ ಚಪ್ಪರ ಹಾಕುವಂತಿಲ್ಲ. ತಾತ್ಕಾಲಿಕವಾಗಿ ದನಗಳನ್ನು ದೊಡ್ಡಿಯೊಳಗೆ ಕಟ್ಟಿಕೊಳ್ಳಲು ಪುರಸಭೆ ಒಪ್ಪಿದೆ. ಬಿದ್ದ ಗೋಡೆಯ ಕಲ್ಲುಗಳನ್ನು ಸರಿಸಿ ದಾರಿ ಮಾಡಿದ್ದಾರೆ. ಕಳೆದ ಕಾಲುಬಾಯಿ ಲಸಿಕೆಯ ದಿನ ಕಾಯಿಲೆಯ ದನಗಳನ್ನು ಗೋಡೆಯ ಆ ತುದಿಯಲ್ಲಿ, ಲಸಿಕೆಗೆ ಬಂದವನ್ನು ಹೊಂಗೆಮರದ ಕೆಳಗೆ ಬೇರೆಬೇರೆಯಾಗಿ ಕಟ್ಟಿದ್ದರು. ಹುಲ್ಲು ಮಾರುವವರು ಬಿಸಿಲೇರಿದ ಮೇಲೆ ಹೊರೆಗಳನ್ನು ಮರದ ನೆರಳಿಗೆ ಎಳೆದುಕೊಂಡಿದ್ದರು. ಆ ತಾಯಿ ತಮ್ಮ ಉಳಿದೊಂದು ಹಸುವನ್ನು ಹೊಡೆದುಕೊಂಡು ಬಂದಿದ್ದರು. ಅದು ಈಗ ಏಳು ತಿಂಗಳ ಗಬ್ಬ.